ಆಟದ ಅಂಗಳದಲ್ಲಿ ಹೆತ್ತವರು ಎಲ್ಲಿದ್ದೇವೆ?

2025ರ ಸೆಪ್ಟೆಂಬರ್ 7ರ ಭಾನುವಾರ ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಕಾರ್ಲೋ ಅಕ್ಯೂಟಿಸ್ ಅವರನ್ನು ಸಂತರೆಂದು ಘೋಷಿಸಿದರು. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಇಟಲಿಯ ಮಿಲಾನ್ ನಗರದಲ್ಲಿ ಬೆಳೆದ ಕಾರ್ಲೋ, 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಕೇವಲ ಹದಿನೈದು ವರ್ಷ. ಪರಮಪ್ರಸಾದದ ಅದ್ಭುತಗಳನ್ನು ಕುರಿತು ಅಂತರಜಾಲ ತಾಣವೊಂದನ್ನು ಸಿದ್ಧಪಡಿಸಿದ ಈ ಬಾಲಕ, ಎಲ್ಲ ಮಕ್ಕಳಂತೆ ವಿಡಿಯೋ ಆಟಗಳನ್ನೂ ಇಷ್ಟಪಟ್ಟು ಆಡುತ್ತಿದ್ದರು. ಅಸ್ಸಿಸಿಯ ಸಮಾಧಿಯಲ್ಲಿ ಅವರ ದೇಹಕ್ಕೆ ತೊಡಿಸಿರುವುದು ಜೀನ್ಸ್ ಉಡುಪು ಮತ್ತು ಕ್ರೀಡಾ ಬೂಟುಗಳನ್ನು.

ಅದರ ಮರುದಿನವೇ ನಮ್ಮ ಕರಾವಳಿಯಲ್ಲಿ ಮಾತೆ ಮರಿಯಳ ಜನ್ಮದಿನದ ತೆನೆಹಬ್ಬ. ಒಂಬತ್ತು ದಿನಗಳ ಕಾಲ ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸಿದ ಮಕ್ಕಳು, ಹಬ್ಬದ ದಿನ ಹೊಸ ತೆನೆಯನ್ನು ಮನೆಗೆ ತಂದು, ಬಾಳೆಲೆಯ ಮೇಲೆ ಹಿರಿಯರೊಡನೆ ಊಟ ಮುಗಿಸಿದರು. ನಾವು ಅತಿಥಿಗಳಾಗಿ ಹೋಗಿದ್ದ ಮನೆಯಲ್ಲಿ ಊಟವಾದ ಹತ್ತೇ ನಿಮಿಷಕ್ಕೆ ನಾಲ್ವರು ಹುಡುಗರು ಜಗಲಿಯ ಮೂಲೆ ಸೇರಿ ಮೊಬೈಲಿನಲ್ಲಿ ಮುಳುಗಿದರು. ಇದನ್ನು ಕಂಡ ತಾಯಿಯೊಬ್ಬರು ಬಲಿಪೂಜೆಯ ಪ್ರವಚನವನ್ನು ನೆನಪಿಸುತ್ತ, "ಫಾದರ್ ಹೇಳಿದ್ದು ಕೇಳಿದಿಯಲ್ಲ ಪುತಾ? ಸಂತ ಕಾರ್ಲೋ ವಾರಕ್ಕೆ ಒಂದೇ ಗಂಟೆ ಆಡುತ್ತಿದ್ದನಂತೆ. ನೀನು?" ಎಂದರು. ಹುಡುಗ ತಲೆ ಎತ್ತದೆಯೇ, "ಒಂದೇ ಗಂಟೆ ಅಂತ ಅವನಿಗೆ ಅವನ ಮಮ್ಮಿ ಹೇಳಿದ್ದಾ?" ಎಂದು ಕೇಳಿದ.

ಉದ್ಧಟತನದ ಮಾತೆಂದು ಹಿರಿಯರೆಲ್ಲ ಗದರಿದರು. ಆದರೆ ಆ ಪ್ರಶ್ನೆ ನಮ್ಮೊಂದಿಗೆ ಮನೆಯವರೆಗೂ ಬಂದಿತು. ಏಕೆಂದರೆ ಅದರ ಉತ್ತರ "ಇಲ್ಲ" ಎಂಬುದೇ ಆಗಿದೆ. ವಾರಕ್ಕೆ ಒಂದು ಗಂಟೆ ಎಂಬ ಮಿತಿಯನ್ನು ಕಾರ್ಲೋ ತಮಗೆ ತಾವೇ ವಿಧಿಸಿಕೊಂಡರು. ಆಟ ತಮ್ಮನ್ನು ಆಳಬಾರದೆಂಬ ಎಚ್ಚರ ಅವರೊಳಗೇ ಹುಟ್ಟಿತ್ತು. ಅವರ ಹೆತ್ತವರು ಮೊದಲಿಗೆ ಅಂಥ ಭಕ್ತಿವಂತರೂ ಆಗಿರಲಿಲ್ಲ. ಮಗನ ಪ್ರಶ್ನೆಗಳಿಗೆ ಉತ್ತರಿಸಬೇಕಾಗಿ ಬಂದು ತಾವು ವಿಶ್ವಾಸಕ್ಕೆ ಮರಳಿದೆವೆಂದು ತಾಯಿಯೇ ಹೇಳಿಕೊಂಡಿದ್ದಾರೆ. ಹೀಗಿರುವಾಗ ಸಂತ ಕಾರ್ಲೋ ಅವರ ಹೆಸರನ್ನು ಮಕ್ಕಳ ಮೇಲೆ ಬೀಸುವ ಬೆತ್ತವನ್ನಾಗಿ ಮಾಡಿಕೊಳ್ಳುವುದು ಸುಲಭ. ಆದರೆ ಒಂದು ಮಗು ತನ್ನ ಮಿತಿಯನ್ನು ತಾನೇ ಇಟ್ಟುಕೊಳ್ಳುವಷ್ಟು ಬಲಿಯುವುದು ಹೇಗೆ ಎಂಬುದು ಹೆತ್ತವರಾದ ನಮ್ಮ ಮುಂದಿರುವ ನಿಜವಾದ ಪ್ರಶ್ನೆ.

ನಮ್ಮ ಕುಟುಂಬಗಳಲ್ಲಿ ಈ ವಿಷಯವಾಗಿ ಎರಡು ಬಗೆಯ ಮನೋಭಾವಗಳು ಕಾಣಸಿಗುತ್ತವೆ. ಮೊದಲನೆಯದು ಸಂಪೂರ್ಣ ನಿಷೇಧ. ಆಟವೆಂದರೆ ಕಾಲಹರಣ, ಕಣ್ಣಿಗೆ ಕೇಡು, ಓದಿಗೆ ಶತ್ರು. ಆದುದರಿಂದ ಮೊಬೈಲನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರೆ ಕರ್ತವ್ಯ ಮುಗಿಯಿತೆಂಬ ಭಾವನೆ. ಎರಡನೆಯದು ಸಂಪೂರ್ಣ ಮೌನ. ಮಗು ಮನೆಯೊಳಗೇ ಇದೆ, ಕೆಟ್ಟ ಸಹವಾಸವಿಲ್ಲ, ಅಳುವುದಿಲ್ಲ, ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಆಡಿಕೊಳ್ಳಲಿ ಎಂಬ ನೆಮ್ಮದಿ. ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧ. ಆದರೆ ಎರಡರಲ್ಲಿಯೂ ಒಂದು ಸಾಮ್ಯವಿದೆ: ಮಗು ಏನನ್ನು ಆಡುತ್ತಿದೆ, ಯಾರೊಡನೆ ಆಡುತ್ತಿದೆ, ಆ ಆಟದಲ್ಲಿ ಅದಕ್ಕೆ ಏನು ಸಿಗುತ್ತಿದೆ ಎಂಬುದು ಎರಡೂ ಕಡೆಯ ಹೆತ್ತವರಿಗೆ ತಿಳಿದಿಲ್ಲ.

ನಮ್ಮ ತಲೆಮಾರಿಗೂ ಇಂಥ ಆಟಗಳು ಹೊಸದೇನಲ್ಲ. ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬಂದ ಮಾವಂದಿರ ಪೆಟ್ಟಿಗೆಯಿಂದ ಇಟ್ಟಿಗೆ ಜೋಡಿಸುವ ಆಟದ ಪುಟ್ಟ ಯಂತ್ರವೋ, ದೂರದರ್ಶನಕ್ಕೆ ಜೋಡಿಸುವ ಮಾರಿಯೋ ಆಟವೋ ಹೊರಬಂದಾಗ ಮನೆಯ ಮಕ್ಕಳೆಲ್ಲ ಸಾಲುಗಟ್ಟಿದ್ದು ನಮಗೆ ಇನ್ನೂ ನೆನಪಿದೆ. "ಇದರಿಂದ ಹಾಳಾಗಿ ಹೋಗುತ್ತೀರಿ" ಎಂದು ಹಿರಿಯರು ಅಂದೂ ಎಚ್ಚರಿಸಿದ್ದರು. ನಾವು ಹಾಳಾಗಲಿಲ್ಲ ಎಂದು ಕೆಲವರು ಇಂದು ಸಮಾಧಾನ ತಂದುಕೊಳ್ಳುತ್ತಾರೆ. ಆದರೆ ಅಂದಿನ ಆಟಕ್ಕೂ ಇಂದಿನ ಆಟಕ್ಕೂ ಇರುವ ಅಂತರವನ್ನು ಅರಿಯದೆ ಹೀಗೆ ಹೇಳುವುದು ಸರಿಯಾಗದು.

ಅದಕ್ಕೂ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಟವು ಪಾಪವೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಉದ್ಧಾರಗೊಂಡ ಜೆರುಸಲೇಮ್ ನಗರವನ್ನು ಬಣ್ಣಿಸುವಾಗ ಪ್ರವಾದಿ ಜೆಕರ್ಯನು ಬೀದಿಗಳಲ್ಲಿ ಆಡುವ ಬಾಲಕ ಬಾಲಕಿಯರನ್ನು ಕಾಣುತ್ತಾನೆ. ಹದಿಮೂರನೆಯ ಶತಮಾನದ ಮಹಾಪಂಡಿತ ಸಂತ ಥೋಮಸ್ ಅಕ್ವಿನಾಸ್ ಅವರು, ಸದಾ ಬಾಗಿಸಿಯೇ ಇಟ್ಟ ಬಿಲ್ಲು ಮುರಿಯುವಂತೆ ವಿಶ್ರಾಂತಿಯಿಲ್ಲದ ಮನಸ್ಸೂ ಮುರಿಯುತ್ತದೆಂಬ ಹಳೆಯ ದೃಷ್ಟಾಂತವನ್ನು ಉದಾಹರಿಸಿ, ಆಟವು ಮಿತಿಮೀರುವುದು ತಪ್ಪಾದಂತೆಯೇ ಆಟವನ್ನೇ ಸಹಿಸದಿರುವುದೂ ದೋಷವೆಂದು ವಿವರಿಸಿದ್ದಾರೆ. ಮಂಗಳೂರಿನ ನಮ್ಮ ಹೆಸರಾಂತ ಕಾಲೇಜಿನ ಪಾಲಕ ಸಂತ ಅಲೋಶಿಯಸ್ ಗೊನ್ಜಾಗರನ್ನು ಕುರಿತು ಒಂದು ಕಥೆ ಪರಂಪರೆಯಿಂದ ಬಂದಿದೆ. ಆಟದ ಹೊತ್ತಿನಲ್ಲಿ ಗೆಳೆಯರು, ಇನ್ನೊಂದು ಗಂಟೆಯಲ್ಲಿ ಲೋಕ ಕೊನೆಗೊಳ್ಳುವುದಾದರೆ ಏನು ಮಾಡುವಿರೆಂದು ಪರಸ್ಪರ ಕೇಳಿಕೊಂಡರಂತೆ. ಒಬ್ಬರು ಪ್ರಾರ್ಥನೆಗೆ ಓಡುವೆನೆಂದರೆ ಇನ್ನೊಬ್ಬರು ಪಾಪನಿವೇದನೆಗೆ ಹೋಗುವೆನೆಂದರು. ಅಲೋಶಿಯಸ್ ಮಾತ್ರ ಆಟವನ್ನು ಮುಂದುವರಿಸುವೆನೆಂದರಂತೆ. ಆಡಬೇಕಾದ ಹೊತ್ತಿನಲ್ಲಿ ಆಡುವುದೂ ದೇವರ ಚಿತ್ತವೇ ಎಂಬುದು ಅದರ ತಾತ್ಪರ್ಯ.

ಇನ್ನು ಇಂದಿನ ಆಟಗಳ ವಿಚಾರ. ಅಂದಿನ ಆಟದಲ್ಲಿ ಸೋತರೆ ಆಟ ಮುಗಿಯುತ್ತಿತ್ತು. ಅವಸರದ ಕರೆ ಬಂದರೆ ಗುಂಡಿಯೊಂದನ್ನು ಒತ್ತಿ ಅದನ್ನು ನಿಲ್ಲಿಸಿಡಬಹುದಾಗಿತ್ತು. ಇಂದು ನಮ್ಮ ಹುಡುಗರು ಆಡುವ ಯುದ್ಧದ ಆಟಗಳಲ್ಲಿ ಒಂದು ಪಂದ್ಯಕ್ಕೆ ನೂರು ಜನರವರೆಗೆ ಅಂತರಜಾಲದ ಮೂಲಕ ಒಟ್ಟಿಗೆ ಸೇರುತ್ತಾರೆ. ನಾಲ್ವರ ತಂಡಗಳಾಗಿ ಹೋರಾಡುತ್ತಾರೆ. ಕೊನೆಯವರೆಗೂ ಉಳಿದರೆ ಪಂದ್ಯವು ಸುಮಾರು ಅರ್ಧ ಗಂಟೆ ಸಾಗುತ್ತದೆ. ನಡುವೆ ನಿಲ್ಲಿಸಿಡುವ ಅವಕಾಶವಿಲ್ಲ. "ಈ ಕ್ಷಣವೇ ಬಂದ್ ಮಾಡು" ಎಂದು ನಾವು ಕೂಗಿದಾಗ, ಉಳಿದ ಮೂವರು ಗೆಳೆಯರನ್ನು ರಣರಂಗದಲ್ಲಿ ಬಿಟ್ಟು ಓಡಿದವನೆಂಬ ಹೆಸರು ಮಗನಿಗೆ ಬರುತ್ತದೆ. ಅವನ ಸಿಟ್ಟಿಗೆ ಎಷ್ಟೋ ಸಲ ಇದೇ ಕಾರಣ. ಇದನ್ನು ಬಲ್ಲ ತಾಯಿ, "ಈ ಪಂದ್ಯ ಮುಗಿಸು, ಇನ್ನೊಂದನ್ನು ಆರಂಭಿಸಬೇಡ" ಎನ್ನುತ್ತಾಳೆ. ಇದರಿಂದ ಆಜ್ಞೆ ಸಡಿಲವಾಗುವುದಿಲ್ಲ, ಪಾಲಿಸಲು ಸಾಧ್ಯವಾಗುವಂತಾಗುತ್ತದೆ.

ಇದರೊಡನೆ, ಈ ಆಟಗಳಿಗೆ ಕೊನೆಯೆಂಬುದೇ ಇಲ್ಲ. ದಿನವೂ ತೆರೆದು ನೋಡಿದವರಿಗೆ ಒಂದು ಬಹುಮಾನ, ತಪ್ಪಿಸಿದರೆ ನಷ್ಟ. ಕೆಲವು ವಾರಗಳಿಗೊಮ್ಮೆ ಹೊಸ ಋತು, ಹೊಸ ಉಡುಪು, ಹೊಸ ಆಯುಧದ ಬಣ್ಣ. ಆಟ ಉಚಿತ, ಆದರೆ ಅದರೊಳಗಿನ ಅಂಗಡಿ ಉಚಿತವಲ್ಲ. ಪೆಟ್ಟಿಗೆಯೊಳಗೆ ಏನಿದೆಯೆಂದು ತಿಳಿಯದೆ ಹಣ ತೆತ್ತು ತೆರೆಯುವ ಅದೃಷ್ಟದ ವ್ಯವಹಾರವೂ ಹಲವು ಆಟಗಳಲ್ಲಿದೆ. ಮಗು ತಾನಾಗಿ ಎದ್ದು ಹೋಗದಂತೆ ಬಲ್ಲವರು ಕುಳಿತು ಹೆಣೆದ ಬಲೆ ಇದು. ಇದರೆದುರು ಹನ್ನೆರಡು ವರ್ಷದ ಮಗುವಿನ ಇಚ್ಛಾಶಕ್ತಿಯನ್ನು ಒಂಟಿಯಾಗಿ ನಿಲ್ಲಿಸುವುದು ನ್ಯಾಯವಲ್ಲ.

ನಾವು ಬಲ್ಲ ಕುಟುಂಬವೊಂದರ ಅನುಭವವನ್ನು, ಅವರ ಒಪ್ಪಿಗೆಯಿಂದ, ಗುರುತು ಸಿಗದಂತೆ ಇಲ್ಲಿ ಹೇಳುತ್ತೇವೆ. ತಂದೆ ಕೊಲ್ಲಿಯಲ್ಲಿ ದುಡಿಯುವವರು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಗನ ಕೈಗೆ ಬಂದ ಮೊಬೈಲು ಶಾಲೆ ತೆರೆದ ಮೇಲೂ ಅವನಲ್ಲಿಯೇ ಉಳಿಯಿತು. ಮಗ ಒಂಬತ್ತನೆಯ ತರಗತಿಯಲ್ಲಿದ್ದಾಗ ತಾಯಿಯ ಖಾತೆಯಿಂದ ನೂರು, ಇನ್ನೂರರಂತೆ ಮೂರು ತಿಂಗಳಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕಿ ಹಣ ಹೋಗಿರುವುದು ಬೆಳಕಿಗೆ ಬಂದಿತು. ಕ್ರಿಸ್ಮಸ್ ರಜೆಗೆ ಬಂದ ತಂದೆ ಸಿಟ್ಟಿನಿಂದ ಮೊಬೈಲನ್ನು ಅಂಗಳದ ಕಲ್ಲಿಗೆ ಅಪ್ಪಳಿಸಿ ಪುಡಿ ಮಾಡಿದರು. ಆ ದಿನದಿಂದ ತಂದೆಯ ರಜೆ ಮುಗಿಯುವವರೆಗೂ ಮಗ ಅವರೊಡನೆ ಒಂದು ಮಾತನ್ನೂ ಆಡಲಿಲ್ಲ. ಪ್ರತಿಸಲ ವಿಮಾನ ನಿಲ್ದಾಣದವರೆಗೆ ಹೋಗುತ್ತಿದ್ದವನು ಆ ಸಲ ಕೋಣೆಯಿಂದ ಹೊರಗೇ ಬರಲಿಲ್ಲ. ಮುಂದೆ ಹತ್ತು ತಿಂಗಳು ದೂರವಾಣಿಯಲ್ಲಿ "ಹೂಂ", "ಇಲ್ಲ" ಎಂಬೆರಡೇ ಉತ್ತರ.

ಮುಂದಿನ ರಜೆಯಲ್ಲಿ ತಂದೆ ತಮ್ಮ ಧರ್ಮಕೇಂದ್ರದ ಗುರುಗಳ ಬಳಿ ದುಃಖ ತೋಡಿಕೊಂಡರು. ಗುರುಗಳು ಕೊಟ್ಟ ಸಲಹೆ ವಿಚಿತ್ರವಾಗಿತ್ತು: "ಅವನ ಪಕ್ಕ ಕುಳಿತು ಆ ಆಟವನ್ನು ಕಲಿಯಿರಿ." "ನನಗೆ ಐವತ್ತು ದಾಟಿತು ಫಾದರ್, ಆ ಗುಂಡು ಹಾರಿಸುವ ಆಟ ಕಲಿತು ನಾನೇನು ಮಾಡಲಿ?" ಎಂದರೂ ಆ ಸಂಜೆ ಮಗನ ಬಳಿ ಹೋಗಿ ಕೇಳಿದರು. "ನಿಮಗೆ ಅದೆಲ್ಲ ಆಗಲಿಕ್ಕಿಲ್ಲ ಪಪ್ಪಾ" ಎಂದ ಮಗ. ಆಗಲೂ ಇಲ್ಲ, ಪಂದ್ಯ ಆರಂಭವಾದ ಎರಡೇ ನಿಮಿಷದಲ್ಲಿ ತಂದೆ ಹೊರಬಿದ್ದರು. ಮಗ ನಕ್ಕುಬಿಟ್ಟ. ಒಂದು ವರ್ಷದ ಬಳಿಕ ಆ ಮನೆಯಲ್ಲಿ ಕೇಳಿದ ಅವನ ಮೊದಲ ನಗು ಅದೆಂದು ತಾಯಿ ನಮಗೆ ಹೇಳುವಾಗ ಅವರ ಕಣ್ಣು ತುಂಬಿತ್ತು.

ಹೀಗೆ ಕೆಲವು ಸಂಜೆಗಳು ಕಳೆದ ಮೇಲೆ ಮಗ ತಾನಾಗಿಯೇ ಬಾಯಿ ಬಿಟ್ಟ. ಹಣ ತೆರದವನಿಗೆ ಆಟದಲ್ಲಿ ಸಿಗುವುದು ಸಾದಾ ಉಡುಪು. ಅದನ್ನು ತೊಟ್ಟವನನ್ನು ಜೊತೆಗಾರರು ಹೀಯಾಳಿಸಿ ತಂಡದಿಂದ ಹೊರಗಿಡುತ್ತಾರೆ. ತರಗತಿಯಲ್ಲೂ ಹೆಚ್ಚು ಗೆಳೆಯರಿಲ್ಲದ ಅವನಿಗೆ ಆ ತಂಡವೇ ಆಸರೆಯಾಗಿತ್ತು. ಹಣ ತೆಗೆದದ್ದು ತಪ್ಪೆಂದು ಅವನಿಗೆ ಅಂದೇ ತಿಳಿದಿತ್ತು. ಅದು ತಂದೆಯ ಹೆಚ್ಚುವರಿ ದುಡಿಮೆಯ ಹಣವೆಂಬುದೂ ತಿಳಿದಿತ್ತು. ಹೇಳಿಕೊಳ್ಳಲು ಧೈರ್ಯವಿರಲಿಲ್ಲ. ಮೊಬೈಲು ಪುಡಿಯಾದ ದಿನ, ಕ್ಷಮೆ ಕೇಳಬೇಕೆಂದು ಕೂಡಿಸಿಟ್ಟ ಮಾತೂ ಪುಡಿಯಾಯಿತೆಂದು ಅವನು ಹೇಳಿದಾಗ, "ತಪ್ಪು ನನ್ನದೂ ಇದೆ" ಎಂದು ತಂದೆ ಮೊದಲ ಬಾರಿಗೆ ಒಪ್ಪಿಕೊಂಡರು. ಈಗ ಆ ಮನೆಯಲ್ಲಿ ರಾತ್ರಿಯ ಜಪಸರವಾದ ಮೇಲೆ ಎರಡು ಪಂದ್ಯಗಳೆಂಬ ಒಪ್ಪಂದವಿದೆ. ಅದು ಎಂದೂ ಮುರಿಯುವುದಿಲ್ಲವೆಂದಲ್ಲ, ಮುರಿದಾಗ ಮಾತುಕತೆಯಾಗುತ್ತದೆ.

ಆ ಗುರುಗಳ ಸಲಹೆ ನಮ್ಮ ಧರ್ಮಸಭೆಯಲ್ಲಿ ಹೊಸದಲ್ಲ. ಯುವಜನರ ತಂದೆಯೆಂದೇ ಖ್ಯಾತರಾದ ಸಂತ ಜಾನ್ ಬೋಸ್ಕೋ ಅವರು 1884ರ ಮೇ ತಿಂಗಳಲ್ಲಿ ರೋಮ್ ನಗರದಿಂದ ಟ್ಯೂರಿನ್ನಿನ ತಮ್ಮ ಸಂಸ್ಥೆಗೆ ಒಂದು ಪತ್ರ ಬರೆದರು. ಅದರಲ್ಲಿ ಅವರು ವಿವರಿಸುವುದು ಎರಡು ಆಟದ ಮೈದಾನಗಳನ್ನು. 1870ಕ್ಕೆ ಹಿಂದಿನ ಮೈದಾನದಲ್ಲಿ ಗುರುಗಳು ಹುಡುಗರ ನಡುವೆ ಓಡಿ ಆಡುತ್ತಿದ್ದರು. ಎಲ್ಲೆಲ್ಲೂ ಹಾಡು, ನಗು, ವಿಶ್ವಾಸ. ಇಂದಿನ ಮೈದಾನದಲ್ಲಾದರೋ ಗುರುಗಳು ದೂರ ನಿಂತು ಕಾವಲು ಕಾಯುತ್ತಾರೆ ಇಲ್ಲವೇ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಹುಡುಗರಲ್ಲಿ ಬೇಸರ, ಗುಟ್ಟು, ಅಪನಂಬಿಕೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಗೆ ಪಾತ್ರರೆಂಬುದು ಅವರಿಗೆ ಗೊತ್ತಾಗಬೇಕು; ಅವರು ಇಷ್ಟಪಡುವುದರಲ್ಲಿ ಹಿರಿಯರು ಪಾಲ್ಗೊಂಡರೆ ಹಿರಿಯರು ಇಷ್ಟಪಡುವುದನ್ನು ಅವರೂ ಇಷ್ಟಪಡಲು ಕಲಿಯುವರೆಂಬುದೇ ಆ ಪತ್ರದ ಸಾರ. ಚಿಕ್ಕಂದಿನಲ್ಲಿ ಹಗ್ಗದ ಮೇಲೆ ನಡೆದು, ಚೆಂಡುಗಳನ್ನು ಎಸೆದು ಹಿಡಿದು ಊರ ಮಕ್ಕಳನ್ನು ಪ್ರಾರ್ಥನೆಗೆ ಸೇರಿಸುತ್ತಿದ್ದ ಸಂತರ ಮಾತಿದು. ಇಂದಿನ ಮೈದಾನ ಅಂಗೈಯಗಲದ ಗಾಜಿನ ಮೇಲಿದೆ. ಅಲ್ಲಿ ನಾವು ಕಾವಲುಗಾರರಾಗಿಯಾದರೂ ಇದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ.

ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಹೊರಡಿಸಿದ 'ಅಮೋರಿಸ್ ಲೆತೀಸಿಯಾ' ಪ್ರೇರಣಾಪತ್ರದ ಏಳನೆಯ ಅಧ್ಯಾಯ ಮಕ್ಕಳ ಶಿಕ್ಷಣಕ್ಕೇ ಮೀಸಲಾಗಿದೆ. ಮಕ್ಕಳ ಪ್ರತಿಯೊಂದು ಚಲನೆಯನ್ನೂ ಹತೋಟಿಯಲ್ಲಿಡುವ ಗೀಳು ಶಿಕ್ಷಣವಲ್ಲವೆಂದೂ, ಮಗು ಈಗ ಯಾವ ಸ್ಥಳದಲ್ಲಿದೆ ಎಂಬುದಕ್ಕಿಂತ ಅದರ ಮನಸ್ಸು, ಗುರಿ, ಬಯಕೆಗಳು ಎಲ್ಲಿವೆ ಎಂಬುದನ್ನು ಅರಿಯುವುದೇ ಮುಖ್ಯವೆಂದೂ ಅವರು ಅಲ್ಲಿ ಹೇಳುತ್ತಾರೆ. ವಿದ್ಯುನ್ಮಾನ ಸಾಧನಗಳೊಡನೆ ಆಡುವುದನ್ನು ತಡೆಯಬೇಕೆಂದು ಅವರು ಹೇಳುವುದಿಲ್ಲ. ಬದುಕಿನಲ್ಲಿ ಎಲ್ಲವೂ ಗುಂಡಿ ಒತ್ತಿದ ವೇಗದಲ್ಲಿ ದೊರೆಯದು, ಕಾಯಲು ಕಲಿಯಬೇಕು ಎಂಬ ವಿವೇಕವನ್ನು ಮಕ್ಕಳಲ್ಲಿ ಬೆಳೆಸಬೇಕೆನ್ನುತ್ತಾರೆ. ಹಾಗೆಂದು ಎಲ್ಲ ಆಟಗಳೂ ಒಂದೇ ಅಲ್ಲ. 2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು, ಮನೋರಂಜನೆಯ ಹೆಸರಿನಲ್ಲಿ ಹಿಂಸೆಯನ್ನು ವೈಭವೀಕರಿಸುವ ವಿಡಿಯೋ ಆಟಗಳನ್ನು ಹೆಸರಿಸಿಯೇ ಖಂಡಿಸಿದ್ದರು. ಯಾವ ಆಟ ಯಾವ ವಯಸ್ಸಿಗೆಂಬ ಸೂಚನೆ ಆಟದ ಹೆಸರಿನೊಂದಿಗೇ ಇರುತ್ತದೆ. ಅದನ್ನು ಓದುವಷ್ಟು ತಾಳ್ಮೆ ನಮಗೆ ಬೇಕು.

ಪ್ರೀತಿಯ ಮಾತಿಗೂ ಮೀರಿದ ಸಂದರ್ಭಗಳಿವೆ ಎಂಬುದನ್ನೂ ಮರೆಯಲಾಗದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸ ಹಾಗೂ ಆಸಕ್ತಿಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಇದೆಲ್ಲವೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಮುಂದುವರಿಯುವುದು ಅದರ ಲಕ್ಷಣಗಳು. ಹೆಚ್ಚು ಆಡುವ ಪ್ರತಿ ಮಗುವೂ ರೋಗಿಯಲ್ಲ. ಆದರೆ ಈ ಲಕ್ಷಣಗಳಿದ್ದರೆ ಗದರಿಕೆಯಿಂದ ಫಲವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿಯೇ ಇಂಥ ವ್ಯಸನಗಳಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿಯೂ ಮನೋವೈದ್ಯಕೀಯ ವಿಭಾಗವಿದೆ. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವ ನಾವು ಇದಕ್ಕೆ ನಾಚುವುದೇಕೆ?

ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳ ಮಾತು ಬೇರೆ. ಅವುಗಳನ್ನು ನಿಷೇಧಿಸುವ ಕಾಯಿದೆಗೆ ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ನೀಡಿದೆ. ಅಲ್ಲಿ ಮನೆಯಲ್ಲಿಯೂ "ಬೇಡ" ಎಂಬ ಒಂದೇ ಉತ್ತರ ಸಾಕು. ಆದರೆ ಉಡುಪು, ಬಣ್ಣಗಳಿಗೆಂದು ಆಟದೊಳಗಿನ ಅಂಗಡಿಗೆ ಹೋಗುವ ಹಣವನ್ನು ಮನೆಯವರೇ ಕಾಯಬೇಕು. ಹಣ ಪಾವತಿಯ ಗುಪ್ತಸಂಖ್ಯೆ ಮಕ್ಕಳ ಬಾಯಲ್ಲಿರುವುದು ಜಾಣತನದ ಗುರುತಲ್ಲ.

ಉಳಿದಂತೆ ಪ್ರತಿ ಕುಟುಂಬವೂ ತನ್ನ ಪರಿಸ್ಥಿತಿಗೆ ತಕ್ಕಂತೆ ಕ್ರಮವೊಂದನ್ನು ರೂಪಿಸಿಕೊಳ್ಳಬಹುದು. ಆಟ ಮುಚ್ಚಿದ ಕೋಣೆಯಲ್ಲಿ ನಡೆಯದೆ ನಡುಮನೆಯಲ್ಲಿ ನಡೆಯಲಿ. ಮಿತಿಯನ್ನು ಮಕ್ಕಳೊಡನೆ ಕುಳಿತು ಗೊತ್ತುಮಾಡಿದರೆ ಅದು ಅವರದೂ ಆಗುತ್ತದೆ. ಊಟದ ಹೊತ್ತಿನಲ್ಲಿ, ಪ್ರಾರ್ಥನೆಯ ಹೊತ್ತಿನಲ್ಲಿ ಮೊಬೈಲು ಬೇಡವೆಂಬ ನಿಯಮ ಮಕ್ಕಳಿಗಿದ್ದರೆ ದೊಡ್ಡವರಿಗೂ ಇರಲಿ. ಜಪಸರದ ಐದನೆಯ ದಶಕಕ್ಕೆ ಬರುವಷ್ಟರಲ್ಲಿ ತಂದೆಯ ಕೈ ಮೊಬೈಲಿನತ್ತ ಸರಿಯುವುದನ್ನು ಮಕ್ಕಳು ಕಾಣದಿರುವುದಿಲ್ಲ. ತಿಂಗಳಿಗೊಮ್ಮೆ ಸೇರುವ ವಾಳೆಯ ಸಭೆಯಲ್ಲಿ, ಹಬ್ಬದ ವಂತಿಗೆಯ ಲೆಕ್ಕದ ಜೊತೆಗೆ ಈ ವಿಷಯವೂ ಚರ್ಚೆಗೆ ಬರಲಿ. ಸಂಜೆ ಮಕ್ಕಳು ಸೇರಿ ಆಡಲು ಇಗರ್ಜಿಯ ಮೈದಾನದ ಗೇಟು ತೆರೆದಿರಲಿ. ಆಡಲು ಅಂಗಳವಿಲ್ಲದ ಮಗುವಿಗೆ "ಹೊರಗೆ ಹೋಗಿ ಆಡು" ಎಂದರೆ ಅದು ಹೋಗುವುದಾದರೂ ಎಲ್ಲಿಗೆ?

ಸಂತ ಲೂಕನ ಶುಭಸಂದೇಶದಲ್ಲಿ ಹನ್ನೆರಡರ ಹರೆಯದ ಬಾಲಯೇಸು ಜೆರುಸಲೇಮಿನಲ್ಲಿಯೇ ಉಳಿದ ಪ್ರಸಂಗ ನಮಗೆಲ್ಲ ಗೊತ್ತಿದೆ. ಮರಿಯ ಮತ್ತು ಜೋಸೆಫರು ಮಗ ಜೊತೆಗಾರರ ಗುಂಪಿನಲ್ಲಿ ಇದ್ದಾನೆಂದೇ ಭಾವಿಸಿ ಒಂದು ದಿನದ ದಾರಿ ನಡೆದಿದ್ದರು. ಇಲ್ಲವೆಂದು ತಿಳಿದೊಡನೆ ಹಿಂದಿರುಗಿ ಹೋಗಿ ಹುಡುಕಿದರು. ಸಿಕ್ಕಾಗ ಕಳವಳವನ್ನು ಮುಚ್ಚಿಡದೆ ಪ್ರಶ್ನೆ ಕೇಳಿದರು. ಮಗನ ಉತ್ತರ ತಮಗೆ ಅರ್ಥವಾಗದಿದ್ದರೂ ಕೇಳಿಸಿಕೊಂಡರು. ಅವನು ಅವರೊಡನೆ ನಜರೇತಿಗೆ ಇಳಿದು ಬಂದು ಅವರಿಗೆ ವಿಧೇಯನಾಗಿದ್ದನು.

ನಮ್ಮ ಮಕ್ಕಳೂ ಪಕ್ಕದ ಕೋಣೆಯಲ್ಲಿ, ನಮ್ಮ ಜೊತೆಯಲ್ಲಿಯೇ ಇದ್ದಾರೆಂದು ಭಾವಿಸಿ ನಾವು ಎಷ್ಟು ದೂರ ನಡೆದುಬಿಟ್ಟಿದ್ದೇವೆಯೋ ಏನೋ. ಹಿಂದಿರುಗಿ ಹುಡುಕಲು ಇನ್ನೂ ಸಮಯವಿದೆ. ಇಂದು ಸಂಜೆ ಜಪಸರ ಮುಗಿದ ಮೇಲೆ ಮಗನ ಅಥವಾ ಮಗಳ ಪಕ್ಕದಲ್ಲಿ ಕುಳಿತು, "ಇದು ಯಾವ ಆಟ? ನನಗೂ ಸ್ವಲ್ಪ ತೋರಿಸು" ಎಂದು ಕೇಳೋಣ. ತಮ್ಮ ಮಿತಿಯನ್ನು ತಾವೇ ಅರಿತು ನಡೆದ ಸಂತ ಕಾರ್ಲೋ ಅವರು ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ. ಮೂರು ದಿನ ಹುಡುಕಿ ಮಗನನ್ನು ಮರಳಿ ಪಡೆದ ಮರಿಯ ಮತ್ತು ಜೋಸೆಫರು ಹೆತ್ತವರಾದ ನಮಗಾಗಿ ಪ್ರಾರ್ಥಿಸಲಿ.